ಶೇವಂತಿಯ ಹೊಸ ಕನ್ನಡಕ

ಹೊಸ ಕನ್ನಡಕದ ಗಾಜಿನಲ್ಲಿ ಈ ಕ್ಷಣದ್ದು ಕಾಣುವುದು ನಡುಭಾಗದಲ್ಲಿ ಮಾತ್ರ. ಕೆಳಭಾಗದಲ್ಲಿ ಐದು ನಿಮಿಷ ಹಿಂದಿನದು, ಮೇಲ್ಭಾಗದಲ್ಲಿ ಐದು ನಿಮಿಷ ಮುಂದಿನದು. ಐವತ್ತು ದಾಟಿದವರೆಲ್ಲ ಅದನ್ನೇ ಹಾಕುತ್ತಿದ್ದರು. ಹೊಳೆಯಲ್ಲಿ ಲಾಂಚ್ ನಡೆಸುವ ಶೇವಂತಿ ಹರಿಕಂತ್ರ ಮೊದಲ ದಿನವೇ ಜೆಟ್ಟಿಯ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಕೆಳಗಿನ ಗಾಜಿನಲ್ಲಿ ಒಣಗಿದಂತೆ ಕಂಡ ಮೆಟ್ಟಿಲಿಗೆ ಅಷ್ಟರಲ್ಲಿ ಅಲೆ ಬಡಿದಿತ್ತು. "ಕಣ್ಣು ಹೊರಳಿಸಬೇಡಿ, ತಲೆಯನ್ನೇ ತಿರುಗಿಸಿ," ಎಂದರು ಕನ್ನಡಕದ ಅಂಗಡಿಯವರು. ಎರಡು ವಾರ ಅಂಗಳದಲ್ಲಿ ನಡೆದಾಡಿ ಅವಳು ಅದನ್ನು ರೂಢಿ ಮಾಡಿಕೊಂಡಳು.

ಸೋಮವಾರ ಲಾಂಚಿನಲ್ಲಿ ನಲವತ್ತು ಜನರಿದ್ದರು. ನಡುಹೊಳೆಯಲ್ಲಿ ಅವಳು ಗದ್ದ ತಗ್ಗಿಸಿ ಮೇಲಿನ ಗಾಜಿನಿಂದ ನೋಡಿದಳು. ದಾರಿಗೆ ಅಡ್ಡವಾಗಿ ದೊಡ್ಡ ಮರದ ದಿಮ್ಮಿಯೊಂದು ತೇಲುತ್ತಿತ್ತು. ಕೂಡಲೇ ಲಾಂಚನ್ನು ದಂಡೆಯ ಕಡೆಗೆ ತಿರುಗಿಸಿದಳು.

"ಹೊಳೆ ಖಾಲಿ ಇದೆಯಲ್ಲ ಶೇವಂತಕ್ಕ, ಸುತ್ತು ಯಾಕೆ? ನನಗೆ ಬಸ್ಸು ತಪ್ಪುತ್ತದೆ," ಎಂದು ಶಾಲೆಯ ಮಾಸ್ತರು ಗೊಣಗಿದರು. "ಕನ್ನಡಕ ಇನ್ನೂ ಹೊಂದಿಲ್ಲ ಅಂತ ಕಾಣ್ತದೆ," ಎಂದು ಹಿಂದಿನಿಂದ ಯಾರೋ ನಕ್ಕರು. ಅವಳಿಗೂ ಒಂದು ಗಳಿಗೆ ಅಳುಕಾಯಿತು.

"ಹೊಂದಿದೆ. ಕೂತ್ಕೊಳ್ಳಿ," ಎಂದು ಮುಂದೆ ಸಾಗಿದಳು.

ಸ್ವಲ್ಪ ಹೊತ್ತಿಗೆ ದಿಮ್ಮಿ ಬಂತು. ಲಾಂಚು ಹೋಗಬೇಕಿದ್ದ ದಾರಿಯಲ್ಲೇ ಉರುಳುತ್ತ ಸಮುದ್ರದತ್ತ ಹೋಯಿತು.

ದಡದಲ್ಲಿ ಇಳಿದ ಮಾಸ್ತರು ತಿರುಗಿ ನಿಂತು, "ನನ್ನ ಬಸ್ಸು ಸಿಗ್ತದೋ ಒಮ್ಮೆ ನೋಡಿ ಹೇಳಿ," ಎಂದರು.

ಶೇವಂತಿ ಗದ್ದ ತಗ್ಗಿಸಿ ರಸ್ತೆಯತ್ತ ನೋಡಿದಳು. "ನಿಧಾನ ನಡೀರಿ ಮಾಸ್ತರೆ. ಕಿಟಕಿ ಪಕ್ಕವೇ ಕೂತಿದ್ದೀರಿ."