ಹಲ್ಲಿಗೆ ಬೇಕಾದ ರಕ್ತ

ಸೂಜಿಯನ್ನು ಹಲ್ಲಿನ ಬೇರಿನಾಚೆಗೆ ಇಳಿಸಿ ಮತ್ತೆ ಮತ್ತೆ ಚುಚ್ಚಿದರೂ ಒಂದು ತೊಟ್ಟು ರಕ್ತ ಬರಲಿಲ್ಲ. ಬೆಳಗಿನಿಂದ ಕಂಡಕಂಡವರ ಬಾಯಲ್ಲಿ ಹತ್ತಿ ಒತ್ತಿ ರಕ್ತ ನಿಲ್ಲಿಸಿದ್ದ ದಂತವೈದ್ಯೆಗೆ ಈ ಕೊನೇ ರೋಗಿಯಲ್ಲಿ ರಕ್ತವೇ ಬೇಕಾಗಿತ್ತು. ಸೊಂಟ ಬಿದ್ದುಹೋಗಿತ್ತು, ಕಣ್ಣು ಉರಿಯುತ್ತಿತ್ತು. ಮನೆಗೆ ಹೋಗಿ ಕಾಲು ಚಾಚಿದರೆ ಸಾಕಪ್ಪಾ ಅನ್ನಿಸಿತ್ತು.

ಕುರ್ಚಿಯಲ್ಲಿ ಅಂಗಾತ ಮಲಗಿದ್ದವಳು ಒಂಬತ್ತು ವರ್ಷದ ಹುಡುಗಿ. ಸೈಕಲ್ಲಿನಿಂದ ಬಿದ್ದು ಮುಂದಿನ ಹಲ್ಲು ಸತ್ತು, ಅದರ ಬೇರು ಅರ್ಧಕ್ಕೇ ಬೆಳೆದು ನಿಂತಿತ್ತು. ಹಲ್ಲಿಗೆ ಉಗುಳು ತಾಗದಿರಲೆಂದು ಬಾಯಿಗೆ ರಬ್ಬರ್ ಹಾಳೆ ಕಟ್ಟಿದ್ದರಿಂದ ಮಾತಿಲ್ಲ, ಕಣ್ಣು ಮಾತ್ರ ಪಿಳಿಪಿಳಿ. ಪಕ್ಕದಲ್ಲಿ ನಿಂತಿದ್ದ ಅಪ್ಪ ಬಸ್ ಡ್ರೈವರ್, ಪಾಳಿ ಮುಗಿಸಿ ನೇರ ಇಲ್ಲಿಗೇ ಬಂದಿದ್ದ.

"ಅಲ್ಲ ಡಾಕ್ಟ್ರೇ, ರಕ್ತ ಯಾಕೆ ಬೇಕು? ಎಲ್ರೂ ಬರಬಾರ್ದು ಅಂತಾರಪ್ಪ."

"ಬೇರಿನ ತುದೀಲಿ ಕಾಂಡಕೋಶ ಅಂತ ಇರ್ತವೆ. ಹಲ್ಲು ಕಟ್ಟೋ ಕೆಲಸ ಅವುಗಳದ್ದೇ. ಆದ್ರೆ ತಾವಾಗೇ ಶುರು ಮಾಡಲ್ಲ. ಒಳಗೆ ರಕ್ತ ತುಂಬಿ ಹೆಪ್ಪುಗಟ್ಟಬೇಕು, ಅದ್ರಲ್ಲಿ ಹೊಸ ರಕ್ತನಾಳ ಚಿಗುರಬೇಕು. ಆ ನಾಳದ ಗೋಡೆ ಕೋಶಗಳು ಪಕ್ಕದಲ್ಲಿ ಬಂದು ಕೂತು ಹೇಳಿದ್ರೇನೇ ಇವು ಏಳೋದು."

"ಕಂಡಕ್ಟರ್ ವಿಸಿಲ್ ಹಾಕ್ದೆ ನಾನು ಬಸ್ ಎತ್ತಲ್ವಲ್ಲ, ಹಾಗೆ."

"ಹೂಂ, ಹಾಗೇ ಅಂದ್ಕೊಳ್ಳಿ," ಎನ್ನುತ್ತಾ ದಂತವೈದ್ಯೆ ತಟ್ಟೆಯ ಕಡೆ ನೋಡಿದಳು. ಅಲ್ಲಿದ್ದ ಖಾಲಿ ಶೀಶೆ ಎತ್ತಿ ಅದರ ಚೀಟಿ ಓದಿದಳು. ರಕ್ತನಾಳ ಬಿಗಿಯದೆ ಬರೀ ಮರಗಟ್ಟಿಸುವ ಇಂಜೆಕ್ಷನ್ ಒಂದನ್ನು ಈ ಹುಡುಗಿಗೆಂದೇ ಬೆಳಿಗ್ಗೆ ತೆಗೆದಿಟ್ಟಿದ್ದಳು, ಇದ್ದದ್ದೇ ಅದೊಂದು. ಮಧ್ಯಾಹ್ನ ಹೃದಯದ ಕಾಯಿಲೆಯ ಮುದುಕರೊಬ್ಬರು ದವಡೆ ಹಿಡಿದುಕೊಂಡು ಬಂದಾಗ ಮಾಮೂಲಿಯದು ಅವರ ಎದೆಗೆ ಆಗದೆಂದು ಅದನ್ನು ಅವರಿಗೆ ಕೊಟ್ಟಿದ್ದಳು. ಸಂಜೆ ದಣಿದ ಕೈ ರೂಢಿಯಂತೆ ಮಾಮೂಲಿ ಇಂಜೆಕ್ಷನ್ನನ್ನೇ ಎತ್ತಿಕೊಂಡಿತ್ತು. ಅದರಲ್ಲಿ ರಕ್ತನಾಳವನ್ನು ಬಿಗಿಯುವ ಔಷಧಿ ಇರುತ್ತದೆ. ತಾನೇ ಬಾಗಿಲಿಗೆ ಅಗುಳಿ ಹಾಕಿ, ನೆಂಟರು ಯಾಕೆ ಬರಲಿಲ್ಲವೆಂದು ಕಾದ ಹಾಗಾಗಿತ್ತು.

ಅವಳು ಬಾಯಿ ಬಿಡಲಿಲ್ಲ. ಸುಮ್ಮನೆ ಹಲ್ಲು ಮುಚ್ಚಿ ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ? ಬೇರು ಬೆಳೆಯುವುದಿಲ್ಲ, ಎಂದೋ ಒಂದು ದಿನ ಹಲ್ಲು ಮುರಿಯುತ್ತದೆ. ಅಷ್ಟೇ.

"ಬಿಡಿ ಡಾಕ್ಟ್ರೇ," ಎಂದ ಡ್ರೈವರ್, ಅವಳ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿ. "ಇವಳ ಹಣೇಲಿ ಬರ್ದಿಲ್ಲ. ನೀವಾದ್ರೂ ಎಷ್ಟೂಂತ ಒದ್ದಾಡ್ತೀರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

"ಹಣೇಬರಹ ಅಲ್ರೀ, ತಪ್ಪು ನಂದು. ಬೇರೆ ಇಂಜೆಕ್ಷನ್ ಕೊಟ್ಬಿಟ್ಟೆ. ಅದು ಇಳಿಯೋವರೆಗೂ ರಕ್ತ ಬರಲ್ಲ. ಇಳಿದ್ಮೇಲೆ ಚುಚ್ಚಿದ್ರೆ ನೋವಾಗುತ್ತೆ."

"ಇನ್ನೊಂದಿನ ಬಂದ್ರೆ?"

"ಆಗ್ಲೇ ಎರಡು ಸಲ ಕೀವಾಗಿದೆ. ಇನ್ನೊಂದು ಸಲ ಆದ್ರೆ ಹಲ್ಲು ಕೀಳೋದೇ ಗತಿ."

"ನೋವಾಗಲ್ಲಾಂತ ಮಗೂಗೆ ಆಣೆ ಇಟ್ಟು ಕರ್ಕೊಂಡು ಬಂದಿದೀನಲ್ರೀ!" ಎಂದವನು ಸ್ಟೂಲಿನ ಮೇಲೆ ಕುಸಿದು ಕೂತ.

ದಂತವೈದ್ಯೆ ಹುಡುಗಿಯ ಕಡೆ ಬಾಗಿದಳು. "ಪುಟ್ಟೀ, ಕೇಳಿಸ್ತಲ್ಲ? ಮೂಗಿನ ಪಕ್ಕ ಒತ್ತಿ ನೋಡ್ಕೋತಾ ಇರು. ಜೋಮು ಇಳಿದ ಕೂಡ್ಲೇ ಕೈ ಎತ್ತು. ಅದು ನಿಂಗೆ ಮಾತ್ರ ಗೊತ್ತಾಗೋದು."

ಕಾದರು. ಹೊರಗೆ ಕಸ ಗುಡಿಸುವಾಕೆ ಕುರ್ಚಿಗಳನ್ನು ಸರಿಸಿ ನೆಲ ಒರೆಸಿದಳು. ಡ್ರೈವರ್ ಕೂತಲ್ಲೇ ತೂಕಡಿಸಿ, ಬೆಚ್ಚಿ ಎದ್ದ. ದಂತವೈದ್ಯೆ ಗೋಡೆಗೆ ಒರಗಿ ನಿಂತಿದ್ದಳು. ಕೂತರೆ ಮತ್ತೆ ಏಳಲಾರೆನೆಂಬ ಭಯ ಅವಳಿಗೆ. ಹುಡುಗಿಯ ಬೆರಳು ಮೂಗಿನ ಪಕ್ಕ ಹೋಗುವುದು, ಒತ್ತುವುದು, ಇಳಿಯುವುದು.

"ಇನ್ನೂ ಇಲ್ವೇನಮ್ಮಾ?"

ಹುಡುಗಿ ಇಲ್ಲವೆಂದು ಕೈಯಾಡಿಸಿದಳು. ಇನ್ನಷ್ಟು ಹೊತ್ತು ಹೋಯಿತು. ಆಮೇಲೆ ಆ ಪುಟ್ಟ ಕೈ ಮೇಲೆದ್ದಿತು.

ಅಪ್ಪ ಮಗಳ ಕಾಲು ಅದುಮಿ ಹಿಡಿದುಕೊಂಡು ಮುಖ ಆಚೆ ತಿರುಗಿಸಿದ. ಸೂಜಿ ಇಳಿಯಿತು. ಹುಡುಗಿಯ ಮೈ ಬಿಲ್ಲಿನಂತೆ ಬಾಗಿತು, ರಬ್ಬರ್ ಹಾಳೆಯ ಹಿಂದೆ ಚೀರಾಟ. ಹಲ್ಲಿನೊಳಗೆ ಕೆಂಪು ಮೆಲ್ಲಗೆ ಮೇಲಕ್ಕೇರಿತು.

"ಬಂತು!"

"ಬಂತಾ? ಎಲ್ಲಿ, ಬಂತಾ?" ಮಗಳ ರಕ್ತ ನೋಡಿ ಹಿಗ್ಗಿದ ಅಪ್ಪ ಅವನೊಬ್ಬನೇ ಇರಬೇಕು. ಹೆಪ್ಪುಗಟ್ಟಿದ ಮೇಲೆ ಔಷಧಿಯಿಟ್ಟು ಹಲ್ಲು ಮುಚ್ಚುವಾಗ ಮೆಲ್ಲನೆ ಕೇಳಿದ, "ಇನ್ನು ಬೇರು ಬೆಳೆಯುತ್ತಲ್ವಾ?"

"ಗೊತ್ತಿಲ್ಲ ಕಣ್ರೀ. ಇನ್ನು ಹಲ್ಲಿನ ಒಳಗಿನವರು ಮಾತಾಡ್ಕೋಬೇಕು."

ಹಾಳೆ ತೆಗೆದಳು. ಹುಡುಗಿ ಬಿಕ್ಕುತ್ತಾ ಎದ್ದು ಕೂತು, ಅಂಗೈಯಿಂದ ಮೂಗೊರೆಸಿಕೊಂಡಳು.

"ಡಾಕ್ಟ್ರೇ, ಜೋಮು ಯಾವಾಗ್ಲೋ ಇಳಿದಿತ್ತು. ಹೆದ್ರಿಕೆ ಆಯ್ತು, ಅದಕ್ಕೇ ಸುಮ್ನಿದ್ದೆ."

ಅಪ್ಪ ಗದರಲು ಬಾಯಿ ತೆರೆದ.

"ಬೈಬೇಡಿ," ಎಂದಳು ದಂತವೈದ್ಯೆ. "ನಾನೂ ಸ್ವಲ್ಪ ಹೊತ್ತು ಸುಮ್ನೇ ಇದ್ದೆ."