ಹದ್ದು ಹಾರಿದ ದಿನ

ಗಾಯಗೊಂಡ ಹದ್ದು, ಗೂಬೆಗಳಿಗೆ ಶುಶ್ರೂಷೆ ಮಾಡುವ ಆ ಕೇಂದ್ರಕ್ಕೆ ನಾಗಭೂಷಣ ಬಂದಾಗ ವೈದ್ಯೆ ಪಂಜರದ ಬಳಿಯೇ ನಿಂತಿದ್ದರು. ಒಳಗಿದ್ದದ್ದು ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಹರಿದುಕೊಂಡಿದ್ದ ಹದ್ದು. ಅದನ್ನು ಸೆರಗಿನಲ್ಲಿ ಸುತ್ತಿ ಇಲ್ಲಿಗೆ ತಂದಿದ್ದವಳು ಅವನ ಹೆಂಡತಿ ಚಂಪಕಾ.

“ರೆಕ್ಕೆ ಪೂರ್ತಿ ವಾಸಿಯಾಗಿದೆ ಸಾರ್. ಇವತ್ತು ಬಿಡ್ತಿದ್ದೀವಿ.”

“ಇನ್ನು ಸ್ವಲ್ಪ ದಿನ ಇಟ್ಕೊಳ್ಳೋಕಾಗಲ್ವಾ ಡಾಕ್ಟ್ರೇ?”

“ವಾಸಿಯಾದ್ಮೇಲೂ ಕೂಡಿಹಾಕಿದ್ರೆ ಅದಕ್ಕೇ ಹಿಂಸೆ. ಮೇಡಂ ಹೇಗಿದ್ದಾರೆ?”

“ಆಸ್ಪತ್ರೇಲೇ ಇದ್ದಾಳೆ. ಇನ್ನು ಏನೂ ಮಾಡೋಕಾಗಲ್ಲ ಅಂದಿದ್ದಾರೆ. ಹದ್ದು ಹಾರಿತು ಅಂತ ಕೇಳಿಬಿಟ್ರೆ ನೆಮ್ಮದಿಯಾಗಿ ಕಣ್ಮುಚ್ತೀನಿ ಅಂತಾಳೆ.”

ವೈದ್ಯೆ ಪಂಜರದ ಬಳಿಯಿಂದ ಪಕ್ಕಕ್ಕೆ ಸರಿದು, “ಹಾಗಾದ್ರೆ ನೀವೇ ಬಾಗಿಲು ತೆಗೀರಿ,” ಎಂದರು.

ಅವನು ಚಿಲಕ ಸರಿಸಿದ. ಹದ್ದು ಬಾಗಿಲಿಗೆ ಬಂದು ಕುಳಿತು ಅತ್ತಿತ್ತ ನೋಡಿತು. ಒಮ್ಮೆಲೇ ಮೇಲೆದ್ದು, ನೀರಿನ ಟ್ಯಾಂಕಿಗೆ ಒಂದು ಸುತ್ತು ಹಾಕಿ, ಕಣ್ಣಿಗೆ ಕಾಣದಷ್ಟು ದೂರ ಹೋಯಿತು. ಅದು ಹೋದ ಮೇಲೂ ಅವನು ಬಹಳ ಹೊತ್ತು ಆಕಾಶವನ್ನೇ ನೋಡುತ್ತ ನಿಂತಿದ್ದ.

ಆಸ್ಪತ್ರೆಯಲ್ಲಿ ಚಂಪಕಾ ಎಚ್ಚರವಾಗಿಯೇ ಇದ್ದಳು. ನೋವು ತಡೆಯಲಾರದೆ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಅವನ ಹೆಜ್ಜೆಸಪ್ಪಳ ಕೇಳಿ ಮುಖ ತಿರುಗಿಸಿದಳು.

“ಹಾರಿತೇನ್ರೀ?”

ಅವನು ಅವಳ ಬೆರಳುಗಳನ್ನು ಕಂಬಿಯಿಂದ ಮೆಲ್ಲಗೆ ಬಿಡಿಸಿ ತನ್ನ ಕೈಯೊಳಗೆ ಇಟ್ಟುಕೊಂಡ.

“ಇಲ್ಲ ಕಣೇ. ರೆಕ್ಕೆಗೆ ಇನ್ನೂ ಬಲ ಬಂದಿಲ್ವಂತೆ.”