ಕೆಂಪು ದಾರದ ಪೊಟ್ಟಣ

"ಹಸಿ ಕಸದ ತೊಟ್ಟಿ ಇಲ್ಲೇ ಸುರಿಸಿ ಸರ್," ಎಂದಳು ಕಟ್ಟಡದ ಪರೀಕ್ಷೆಗೆ ಬಂದಿದ್ದ ಅಸ್ರಾ. "ಕಸ ಬೇರೆ ಮಾಡಿದ್ದೀರೋ ಇಲ್ಲವೋ, ಕಣ್ಣಾರೆ ನೋಡಬೇಕು."

ಮ್ಯಾನೇಜರ್ ಯೋಗಾನಂದ ಬೆವರುತ್ತಿದ್ದ. ಆ ಬೆವರನ್ನು ಹಿಡಿದಿಟ್ಟಿದ್ದರೆ ಕಣ್ವ ಜಲಾಶಯ ಕೋಡಿ ಬೀಳುತ್ತಿತ್ತು. ರಾಮನಗರದ ಹೆದ್ದಾರಿ ಪಕ್ಕ, ಬೆಕ್ಕು ನುಸುಳಬೇಕಾದರೂ ಹೊಟ್ಟೆ ಒಳಗೆ ಎಳೆದುಕೊಳ್ಳಬೇಕಾದಷ್ಟು ಒತ್ತೊತ್ತಾಗಿ ಎದ್ದ ಆಫೀಸು ಕಟ್ಟಡಗಳಲ್ಲಿ ಇದೂ ಒಂದು. ಹಸಿರು ಕಟ್ಟಡದ ಸರ್ಟಿಫಿಕೇಟ್ ಸಿಗದಿದ್ದರೆ ಮೇಲಿನ ಮಹಡಿಗಳ ಕಂಪನಿ ಖಾಲಿ ಮಾಡುತ್ತದೆ. ಅದಕ್ಕೂ ಮೊದಲು ಮಾಲೀಕರು ಯೋಗಾನಂದನನ್ನು ಖಾಲಿ ಮಾಡಿಸುತ್ತಾರೆ. ಅದಕ್ಕೇ, ಮೇಡಂ ನೋಡುವ ತನಕ ನಿನ್ನೆಯ ಕಸ ಮುಟ್ಟಲೇಬಾರದೆಂದು ಕಸ ಎತ್ತುವ ಸರಸಮ್ಮನಿಗೆ ಅವನೇ ತಾಕೀತು ಮಾಡಿದ್ದ.

ಸರಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿ ಬಗ್ಗಿಸಿದಳು. ಟೀಪುಡಿ ಬಿತ್ತು. ಬಾಳೆಹಣ್ಣಿನ ಸಿಪ್ಪೆ ಬಿತ್ತು. ಆಮೇಲೆ ಬಾಳೆ ಎಲೆಯ ಪೊಟ್ಟಣಗಳು ಒಂದರ ಮೇಲೊಂದು ದೊಪದೊಪನೆ ಬಿದ್ದವು. ಒಂದರ ಗಂಟೂ ಬಿಚ್ಚಿರಲಿಲ್ಲ.

ಯೋಗಾನಂದನ ನಾಲಿಗೆ ಒಣಗಿ ಹಪ್ಪಳವಾಯಿತು. ಮಗಳು ನರ್ಸಿಂಗ್ ಪಾಸಾದಳೆಂದು ನಿನ್ನೆ ಸರಸಮ್ಮ ಒಬ್ಬಟ್ಟು ತಟ್ಟಿ ತಂದಿದ್ದಳು. ಪಕ್ಕದ ಮನೆಯ ಜಹೀದಾ ಹತ್ತಿರ ಕೇಳಿ ತಂದ ರೇಷ್ಮೆ ದಾರ ಸುತ್ತಿ, ಮಹಾರಾಜರಿಗೆ ಕಾಣಿಕೆ ಒಪ್ಪಿಸುವವಳಂತೆ ಮೇಜು ಮೇಜಿಗೂ ಕೊಟ್ಟಿದ್ದಳು. ಮ್ಯಾನೇಜರಿಗೆಂದು ಒಂದಕ್ಕೆ ಮಾತ್ರ ಕೆಂಪು ದಾರ. ಎಲ್ಲರೂ ಇರುವ ಹಲ್ಲು ಸಾಲದೆ ಪಕ್ಕದವರಿಂದ ಇಸಿದುಕೊಂಡವರ ಹಾಗೆ ನಕ್ಕು ತೆಗೆದುಕೊಂಡಿದ್ದರು. ಬೆಳಗಿಂದ ಸಂಜೆವರೆಗೂ ಕಸ ಮುಟ್ಟುವ ಕೈ ತಟ್ಟಿದ್ದನ್ನು ತಿನ್ನುವುದು ಹೇಗೆಂದು ಅವಳೆದುರು ಯಾರೂ ಅನ್ನಲಿಲ್ಲ. ಯೋಗಾನಂದನಂತೂ ಸಂಜೆ ಅವಳನ್ನು ಕರೆದು, "ಎರಡು ತಿಂದೆ ಸರಸಮ್ಮ, ತುಪ್ಪ ಘಮ್ ಅಂತಿತ್ತು," ಎಂದಿದ್ದ.

"ಅಬ್ಬಾ!" ಅಸ್ರಾಳ ಮುಖ ಅರಳಿತು. "ಒಂದು ಚೂರೂ ಪ್ಲಾಸ್ಟಿಕ್ ಇಲ್ಲ. ತಿಂಡಿ ಕೂಡ ಎಲೆಯಲ್ಲೇ ಕಟ್ಟಿದ್ದೀರಿ! ಬೆಂಗಳೂರಿನ ಕಟ್ಟಡಗಳಲ್ಲೂ ಇಷ್ಟು ಚೊಕ್ಕ ಕಸ ನಾನು ನೋಡಿಲ್ಲ. ಇದನ್ನೆಲ್ಲ ಕಲಿಸಿದ್ದು ಯಾರು?"

ಯೋಗಾನಂದ ಕರ್ಚೀಫು ತೆಗೆದು ಮುಖ ಒರೆಸಿಕೊಂಡ. ಬಾಗಿಲಲ್ಲಿ ಇಣುಕಿದ್ದ ಅಕೌಂಟ್ಸ್‌ನ ಸುಮನಾ ಆಮೆಯಂತೆ ತಲೆ ಒಳಗೆ ಎಳೆದುಕೊಂಡಳು.

"ನಾನೇ ಕಟ್ಟಿದ್ದು ಕಣವ್ವ," ಎಂದಳು ಸರಸಮ್ಮ.

"ಭೇಷ್! ಇದರಲ್ಲಿ ನೀವು ಪಾಸ್, ಸರ್." ಅಸ್ರಾ ಬಗ್ಗಿ ನೋಡಿದಳು. "ಒಂದೇ ತಪ್ಪು. ಈ ದಾರ ಬಿಚ್ಚಿ ಹಾಕಬೇಕಿತ್ತು. ಗೊಬ್ಬರದ ಮಿಷನ್ನಿನ ಬ್ಲೇಡಿಗೆ ಸುತ್ತಿಕೊಳ್ಳುತ್ತೆ." ಅವಳು ಮಹಡಿಯ ಮೇಲಿನ ಸೋಲಾರ್ ನೋಡಲು ಮೆಟ್ಟಿಲು ಹತ್ತಿದಳು.

ಸರಸಮ್ಮ ಕುಕ್ಕರುಗಾಲಲ್ಲಿ ಕೂತು ಗಂಟು ಬಿಚ್ಚತೊಡಗಿದಳು. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಒಬ್ಬಟ್ಟನ್ನು ತೊಟ್ಟಿಗೆ ಹಾಕಿದಳು. ತಲೆ ಎತ್ತಲಿಲ್ಲ.

"ಸರಸಮ್ಮ, ಅದು... ನಿನ್ನೆ ಕೆಲಸ ಜಾಸ್ತಿ ಇತ್ತು..."

"ಇರ್ಲಿ ಬುಡಿ ಸಾ. ಪಾಸಾಯ್ತಲ್ಲ, ನಿಮ್ ಕೆಲ್ಸ ಉಳೀತು. ನನ್ ಮಗ್ಳೂ ಪಾಸು, ನೀವೂ ಪಾಸು."

ಕೊನೆಗೆ ಕೆಂಪು ದಾರದ ಪೊಟ್ಟಣ ಒಂದೇ ಉಳಿಯಿತು. ಯೋಗಾನಂದ ಅವಳೆದುರು ಮಂಡಿಯೂರಿ, ಅದಕ್ಕೆ ಕೈ ಚಾಚಿದ.

ಸರಸಮ್ಮ ಅದನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ಮುಟ್ಬ್ಯಾಡಿ ಸಾ. ಕಸ ಅದು. ಕೈ ಕೊಳೆಯಾಯ್ತದೆ."